ಹೊಸತು ನಿಷಿದ್ಧ ಎಂದವರೂ ಹೊಸಬರೇ: ಯಹೂದಿ ಧರ್ಮದ ಕುರಿತು ಓದುಗರ ಪ್ರಶ್ನೆಗಳು

ಕಳೆದ ತಿಂಗಳು ಸಬ್ಬತ್, ಅಂದರೆ ಯಹೂದಿಗಳ ಶನಿವಾರದ ವಿಶ್ರಾಂತಿ ದಿನದ ಆಚರಣೆಯ ಬಗ್ಗೆ ಉತ್ತರಿಸುವಾಗ, ಇಂದು ಕಾಣಸಿಗುವ ಯಹೂದಿ ಪಂಥಗಳಲ್ಲಿ ಬಹುಪಾಲು ಕಳೆದ ಮುನ್ನೂರು ವರ್ಷಗಳೊಳಗೆ ರೂಪುಗೊಂಡವು ಎಂದು ಒಂದು ಮಾತು ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳು ಇಡೀ ಉತ್ತರಕ್ಕೆ ಬಂದವುಗಳಿಗಿಂತ ಹೆಚ್ಚು. ಆದ್ದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೂರು ಸಾವಿರ ವರ್ಷಗಳಷ್ಟು ಹಳೆಯ ಧರ್ಮದ ಪಂಥಗಳು ನಿನ್ನೆ ಮೊನ್ನೆಯವು ಎನ್ನುವುದು ಹೇಗೆ? ಹಿಂದೆ ಅವರಲ್ಲಿ ಭೇದಗಳೇ ಇರಲಿಲ್ಲವೇ?
(ನಿವೃತ್ತ ಅಧ್ಯಾಪಕರು, ಮೈಸೂರು)

ಉತ್ತರ: ಭೇದಗಳು ಧಾರಾಳವಾಗಿದ್ದವು. 1772ರಲ್ಲಿ ವಿಲ್ನಾ ನಗರದ ವಿದ್ವಾಂಸರು ಭಕ್ತಿಪ್ರಧಾನವಾದ ಹಸಿದೀ ಪಂಥದವರಿಗೆ ಬಹಿಷ್ಕಾರ ಹಾಕಿದ್ದರು. ಒಂದೇ ಧರ್ಮದೊಳಗೆ ಅದಕ್ಕಿಂತ ದೊಡ್ಡ ಜಗಳ ಬೇಕೆ? ಆದರೆ ಆ ಎರಡೂ ಪಕ್ಷದವರು ಒಂದು ಮಾತನ್ನು ಪ್ರಶ್ನಿಸಿರಲಿಲ್ಲ. ಯಹೂದಿಯಾಗಿ ಹುಟ್ಟಿದವನು ಯಹೂದಿ ಸಮುದಾಯದ ಕಾನೂನಿಗೆ ಒಳಪಟ್ಟವನು ಎಂಬುದೇ ಆ ಮಾತು. ಯೂರೋಪಿನ ಊರುಗಳಲ್ಲಿ ಯಹೂದಿಗಳಿಗೆ ತಮ್ಮದೇ ಆದ ಸಮುದಾಯ ಆಡಳಿತವಿತ್ತು. ಅದನ್ನು ಕೆಹಿಲ್ಲಾ ಎನ್ನುತ್ತಿದ್ದರು. ರಾಜನಿಗೆ ಸಲ್ಲಬೇಕಾದ ತೆರಿಗೆಯನ್ನು ಮನೆಮನೆಯಿಂದ ವಸೂಲು ಮಾಡುತ್ತಿದ್ದುದು ಅದು. ಮದುವೆ, ವಿಚ್ಛೇದನ, ಸಾಲದ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದುದು ಅದರ ರಬ್ಬಿಗಳ, ಅಂದರೆ ಧರ್ಮಗುರುಗಳ ನ್ಯಾಯಪೀಠ. ಮಾತು ಕೇಳದವನಿಗೆ ಹೇರೆಮ್, ಅಂದರೆ ಬಹಿಷ್ಕಾರ. 1656ರಲ್ಲಿ ಆಂಸ್ಟರ್‌ಡ್ಯಾಮಿನ ಸಮುದಾಯ ತತ್ತ್ವಜ್ಞಾನಿ ಸ್ಪಿನೋಜಾನನ್ನು ಹೊರಹಾಕಿದ್ದು ಹೀಗೆಯೇ. ಧರ್ಮವೆಂಬುದು ಪೂಜೆ ಪ್ರಾರ್ಥನೆಗಳಿಗೆ ಸೀಮಿತವಾದ ಖಾಸಗಿ ಸಂಗತಿ ಎಂಬ ಕಲ್ಪನೆಯೇ ಅಲ್ಲಿ ಇರಲಿಲ್ಲ.

ಇದನ್ನು ಕದಲಿಸಿದ್ದು ಪೌರತ್ವ. ಫ್ರೆಂಚ್ ಕ್ರಾಂತಿಯಾದ ವರ್ಷವೇ, 1789ರ ಡಿಸೆಂಬರಿನಲ್ಲಿ, ರಾಷ್ಟ್ರೀಯ ಸಭೆಯಲ್ಲಿ ಕ್ಲೆರ್ಮಾಂ-ತೊನ್ನೇರ್ ಎಂಬ ಸದಸ್ಯರು ಯಹೂದಿಗಳಿಗೆ ಹಕ್ಕು ಕೊಡಬೇಕೆಂದು ವಾದಿಸುತ್ತ, ಒಂದು ಜನಾಂಗವಾಗಿ ಅವರಿಗೆ ಏನನ್ನೂ ಕೊಡಬಾರದು, ವ್ಯಕ್ತಿಗಳಾಗಿ ಎಲ್ಲವನ್ನೂ ಕೊಡಬೇಕು ಎಂದರು. ಇದು ಉದಾರವಾದ ಮಾತು, ಕಟ್ಟುನಿಟ್ಟಾದ ಷರತ್ತೂ ಹೌದು. 1791ರ ಸೆಪ್ಟೆಂಬರ್ 27ರಂದು ಫ್ರಾನ್ಸಿನ ಯಹೂದಿಗಳೆಲ್ಲರೂ ಪೌರರಾದರು; ಅಲ್ಲಿಂದ ಮುಂದೆ ಅವರ ವ್ಯಾಜ್ಯ ಸರ್ಕಾರದ ನ್ಯಾಯಾಲಯದ್ದು, ಅವರ ತೆರಿಗೆ ಸರ್ಕಾರದ ಖಜಾನೆಯದ್ದು. ರಬ್ಬಿಯ ಕೈಯಲ್ಲಿ ಉಳಿದದ್ದು ಉಪದೇಶ ಮಾತ್ರ. ಬಹಿಷ್ಕರಿಸಿದರೆ ಹೋಗುವವನಿಗೆ ಈಗ ಹೋಗಲು ಒಂದು ದೇಶವಿತ್ತು.

ಷರತ್ತಿನ ಬಿಸಿ ತಟ್ಟಿದ್ದು ನೆಪೋಲಿಯನ್ನನ ಕಾಲದಲ್ಲಿ. 1806ರಲ್ಲಿ ಆತ ಯಹೂದಿ ಗಣ್ಯರನ್ನು ಪ್ಯಾರಿಸಿಗೆ ಕರೆಸಿ ಅವರ ಮುಂದೆ 12 ಪ್ರಶ್ನೆಗಳನ್ನಿಟ್ಟ. ನಿಮ್ಮಲ್ಲಿ ಬಹುಪತ್ನಿತ್ವ ಉಂಟೇ? ವಿಚ್ಛೇದನ ಹೇಗೆ? ಯಹೂದಿ ಹೆಣ್ಣು ಕ್ರೈಸ್ತನನ್ನು ಮದುವೆಯಾಗಬಹುದೇ? ಫ್ರಾನ್ಸನ್ನು ನಿಮ್ಮ ದೇಶವೆಂದು ಭಾವಿಸುತ್ತೀರಾ? ಕೊನೆಯದಕ್ಕೆ ಉತ್ತರಿಸುವುದು ಸುಲಭವಾಗಿತ್ತು. ಪ್ರಾಣ ಕೊಟ್ಟಾದರೂ ಕಾಪಾಡುತ್ತೇವೆ ಎಂದು ಸಭೆ ಒಕ್ಕೊರಲಿನಿಂದ ಕೂಗಿತು. ಮಿಶ್ರವಿವಾಹದ ಪ್ರಶ್ನೆಗೆ ಮಾತ್ರ ಹಾವೂ ಸಾಯದ ಕೋಲೂ ಮುರಿಯದ ಉತ್ತರವೊಂದು ಸಿದ್ಧವಾಯಿತು: ಅಂಥ ಮದುವೆ ಸರ್ಕಾರಿ ಕಾನೂನಿನ ಪ್ರಕಾರ ಊರ್ಜಿತ, ಆದರೆ ಧಾರ್ಮಿಕ ವಿಧಿಗಳಿಂದ ಅದನ್ನು ನೆರವೇರಿಸಲಾಗದು. ಮರುವರ್ಷ ಸನ್ಹೆದ್ರಿನ್ ಎಂಬ 71 ಸದಸ್ಯರ ಧರ್ಮಸಭೆ ಕೂಡಿಸಿ ಇದಕ್ಕೆ ಅದರ ಮುದ್ರೆ ಒತ್ತಿಸಲಾಯಿತು. ನನ್ನ ದೃಷ್ಟಿಯಲ್ಲಿ ಆಧುನಿಕ ಯಹೂದಿ ಧರ್ಮದ ಕಥೆಯೆಲ್ಲ ಈ ಒಂದು ಉತ್ತರದಲ್ಲಿದೆ. ಒಬ್ಬನೇ ಮನುಷ್ಯ ಎರಡು ಕಾನೂನುಗಳ ಮುಂದೆ ನಿಂತಿದ್ದಾನೆ. ಯಾವುದು ಎಲ್ಲಿ ಮುಗಿಯುತ್ತದೆ ಎಂಬುದನ್ನು ಪ್ರತಿ ಪಂಥವೂ ಬೇರೆ ಬೇರೆ ಜಾಗದಲ್ಲಿ ಗೆರೆ ಎಳೆದು ತೋರಿಸಿತು.

ಈ ಗೆರೆಯನ್ನು ತರ್ಕದಿಂದ ಎಳೆಯಲು ಮೊದಲು ಯತ್ನಿಸಿದವರು ಬರ್ಲಿನ್ನಿನ ಮೋಸೆಸ್ ಮೆಂಡೆಲ್ಸನ್ (1729–1786). ಅವರು ತೋರಾವನ್ನು, ಅಂದರೆ ಯಹೂದಿ ಧರ್ಮಗ್ರಂಥದ ಮೊದಲ ಐದು ಕಾಂಡಗಳನ್ನು ಶುದ್ಧ ಜರ್ಮನ್ ಭಾಷೆಗೆ ಅನುವಾದಿಸಿ ಹೀಬ್ರೂ ಲಿಪಿಯಲ್ಲಿ ಅಚ್ಚು ಹಾಕಿಸಿದರು, ಏಕೆಂದರೆ ಅವರ ಜನ ಓದಬಲ್ಲ ಲಿಪಿ ಅದು, ಕಲಿಯಬೇಕಾಗಿದ್ದ ಭಾಷೆ ಇದು. ಬದುಕಿನ ಕೊನೆಯವರೆಗೂ ವಿಧಿಗಳನ್ನು ತಪ್ಪದೆ ಪಾಲಿಸಿದವರು ಅವರು. ಅವರ ಆರು ಮಕ್ಕಳಲ್ಲಿ ನಾಲ್ವರು ಕ್ರೈಸ್ತರಾದರು.

ಪ್ರಶ್ನೆ: ಸುಧಾರಣಾವಾದಿಗಳು ನಿಜವಾಗಿ ಏನನ್ನು ಬದಲಿಸಿದರು? ಸಂಪ್ರದಾಯಸ್ಥರು ಇದ್ದ ಹಾಗೆಯೇ ಉಳಿದರೇ?
(ವಕೀಲರು, ಶಿವಮೊಗ್ಗ)

ಉತ್ತರ: ಮೊದಲು ಬದಲಾದದ್ದು ಸಿದ್ಧಾಂತವಲ್ಲ, ಸದ್ದು. 1810ರಲ್ಲಿ ಜರ್ಮನಿಯ ಜೇಸೆನ್ ಎಂಬ ಸಣ್ಣ ಊರಿನಲ್ಲಿ ಇಸ್ರೇಲ್ ಯಾಕಬ್ಸನ್ ಎಂಬ ಶ್ರೀಮಂತರು ಕಟ್ಟಿಸಿದ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ವಾದ್ಯ ನುಡಿಯಿತು, ಜರ್ಮನ್ ಭಾಷೆಯ ಸ್ತೋತ್ರಗಳು ಕೇಳಿಬಂದವು. 1818ರಲ್ಲಿ ಹ್ಯಾಂಬರ್ಗಿನಲ್ಲಿ ಇಂಥದೇ ಇನ್ನೊಂದು ಮಂದಿರ ತೆರೆಯಿತು. ಅದರ ಪ್ರಾರ್ಥನಾಪುಸ್ತಕದಲ್ಲಿ ಜೆರುಸಲೇಮಿಗೆ ಹಿಂತಿರುಗಿಸು, ಬಲಿಪೂಜೆಯನ್ನು ಮರಳಿ ಸ್ಥಾಪಿಸು ಎಂಬ ಅರಿಕೆಗಳನ್ನು ಕೆಲವೆಡೆ ತಿದ್ದಿ, ಕೆಲವೆಡೆ ಕೈಬಿಡಲಾಗಿತ್ತು. ಹ್ಯಾಂಬರ್ಗಿನ ರಬ್ಬಿಗಳ ನ್ಯಾಯಪೀಠ ಮೂರು ನಿಷೇಧಗಳನ್ನು ಹೊರಡಿಸಿತು: ಪ್ರಾರ್ಥನೆಯ ಪಾಠವನ್ನು ಬದಲಿಸುವಂತಿಲ್ಲ, ಹೀಬ್ರೂವಲ್ಲದೆ ಬೇರೆ ಭಾಷೆಯಲ್ಲಿ ಪ್ರಾರ್ಥಿಸುವಂತಿಲ್ಲ, ಯಹೂದಿಯಲ್ಲದವನ ಕೈಯಲ್ಲಾದರೂ ಸರಿ, ಸಬ್ಬತ್ತಿನಂದು ಸಿನಗಾಗಿನಲ್ಲಿ, ಅಂದರೆ ಪ್ರಾರ್ಥನಾಮಂದಿರದಲ್ಲಿ ವಾದ್ಯ ನುಡಿಸುವಂತಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಇದನ್ನು ಬಹಿಷ್ಕಾರದಿಂದ ತಡೆಯುವ ಬಲ ಅವರಿಗೆ ಉಳಿದಿರಲಿಲ್ಲ. ಆದ್ದರಿಂದ ಅವರೂ 1819ರಲ್ಲಿ ಯೂರೋಪಿನ ರಬ್ಬಿಗಳಿಂದ ಪತ್ರಗಳನ್ನು ಸಂಗ್ರಹಿಸಿ ಪುಸ್ತಕವಾಗಿ ಅಚ್ಚು ಹಾಕಿಸಬೇಕಾಯಿತು. ತೀರ್ಪು ಕೊಡುತ್ತಿದ್ದವರು ವಾದ ಮಂಡಿಸುವವರಾದರು.

ಆ ಸಾಲಿನಲ್ಲಿ ಎದ್ದುಕಾಣುವವರು ಪ್ರೆಸ್‌ಬರ್ಗಿನ (ಇಂದಿನ ಬ್ರಾಟಿಸ್ಲಾವಾ) ರಬ್ಬಿ ಮೋಸೆಸ್ ಸೋಫರ್ (1762–1839). ಅವರ ಘೋಷವಾಕ್ಯ ಇಂದಿಗೂ ಕಟ್ಟಾ ಸಂಪ್ರದಾಯಸ್ಥರ ಬಾಯಲ್ಲಿದೆ: 'ಹೊಸತು ತೋರಾದಿಂದಲೇ ನಿಷಿದ್ಧ'. ಈ ವಾಕ್ಯದ ಮೂಲ ಸ್ವಾರಸ್ಯಕರವಾದದ್ದು. ತೋರಾದ ಯಾಜಕಕಾಂಡದಲ್ಲಿ, ವರ್ಷದ ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವ ಮುನ್ನ ಹೊಸ ಬೆಳೆಯ ಧಾನ್ಯವನ್ನು ತಿನ್ನಬಾರದು ಎಂಬ ವಿಧಿಯಿದೆ. 'ಹೊಸತು ನಿಷಿದ್ಧ' ಎಂಬುದು ಶಾಸ್ತ್ರದಲ್ಲಿ ಆ ಹೊಸ ಧಾನ್ಯದ ಕುರಿತು ಹೇಳಿದ ಮಾತು. ನಮ್ಮಲ್ಲಿ ಹೊಸ ಅಕ್ಕಿ ಉಣ್ಣುವ ಮುನ್ನ ಕದಿರು ಕಟ್ಟುವ ಪದ್ಧತಿಯನ್ನು ಬಲ್ಲವರಿಗೆ ಅದರ ಭಾವ ತಿಳಿದೀತು. ಸೋಫರ್ ಅದನ್ನು ಧಾನ್ಯದಿಂದ ಬಿಡಿಸಿ ಕಾಲಕ್ಕೆ ಅನ್ವಯಿಸಿದರು. ಹೊಸತನ್ನು ನಿಷೇಧಿಸಲು ಹಳೆಯ ಮಾತಿಗೆ ಹಿಂದೆಂದೂ ಇಲ್ಲದಿದ್ದ ಅರ್ಥವನ್ನು ಅವರು ಕೊಟ್ಟರು! ಇದನ್ನು ಅವರ ಜಾಣ್ಮೆಯ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತಿದ್ದೇನೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಗುತ್ತದೆ. ಸಂಪ್ರದಾಯವನ್ನು ಸುಮ್ಮನೆ ಬದುಕುವುದು ಬೇರೆ, ಪರ್ಯಾಯಗಳು ಕಣ್ಣೆದುರಿಗಿದ್ದಾಗ ಅದನ್ನು ಆರಿಸಿಕೊಂಡು ಕಾಪಾಡುವುದು ಬೇರೆ. 'ಆರ್ಥೊಡಾಕ್ಸ್' ಎಂಬ ಹೆಸರು ಕೂಡ ಹೀಬ್ರೂವಿನದಲ್ಲ, ಗ್ರೀಕ್ ಮೂಲದ್ದು, ಸುಧಾರಕರು ಎದುರಾಳಿಗಳಿಗೆ ಅಂಟಿಸಿದ್ದು. ಸುಧಾರಣೆಯ ಮುಖಂಡ ಅಬ್ರಹಾಂ ಗೈಗರ್ ಮತ್ತು ನವ ಸಂಪ್ರದಾಯದ ಮುಖಂಡ ಸ್ಯಾಮ್ಸನ್ ರಾಫೆಲ್ ಹಿರ್ಶ್ ಬಾನ್ ವಿಶ್ವವಿದ್ಯಾಲಯದಲ್ಲಿ ಸಹಪಾಠಿಗಳು, ಸ್ನೇಹಿತರು. ಹಿರ್ಶ್ 1851ರಲ್ಲಿ ಫ್ರಾಂಕ್‌ಫರ್ಟಿನ ಸಣ್ಣ ಗುಂಪೊಂದರ ರಬ್ಬಿಯಾದ ಮೇಲೆ ಜರ್ಮನ್ನಿನಲ್ಲೇ ಪ್ರವಚನ ಮಾಡಿದರು, ಲೌಕಿಕ ವಿದ್ಯೆಯನ್ನೂ ಕಲಿಸುವ ಶಾಲೆ ತೆರೆದರು. ಆದರೆ ಹಲಾಖಾ, ಅಂದರೆ ಧರ್ಮಶಾಸ್ತ್ರದ ಒಂದು ವಿಧಿಯನ್ನೂ ಸಡಿಲಿಸಲಿಲ್ಲ. ಇವರಿಬ್ಬರ ನಡುವೆ ನಿಂತವರು ಜಕಾರಿಯಾಸ್ ಫ್ರಾಂಕೆಲ್. 1845ರ ಫ್ರಾಂಕ್‌ಫರ್ಟ್ ಸಮ್ಮೇಳನದಲ್ಲಿ, ಪ್ರಾರ್ಥನೆಗೆ ಹೀಬ್ರೂ ಭಾಷೆ ಕಡ್ಡಾಯವಲ್ಲ ಎಂಬ ಅಭಿಪ್ರಾಯಕ್ಕೆ ಬಹುಮತ ಬಂದಾಗ ಅವರು ಎದ್ದು ಹೊರನಡೆದರು. ಅಮೆರಿಕದ ಕನ್ಸರ್ವೇಟಿವ್ ಪಂಥ ತನ್ನ ವಂಶಾವಳಿಯನ್ನು ಅಲ್ಲಿಂದ ಎಣಿಸುತ್ತದೆ.

ಅಮೆರಿಕದಲ್ಲಿ ಈ ಒಡಕು ಊಟದ ಮೇಜಿನ ಮೇಲೆ ಬಯಲಾಯಿತು. 1883ರ ಜುಲೈ 11ರಂದು ಸಿನ್ಸಿನಾಟಿಯಲ್ಲಿ, ಅಲ್ಲಿನ ರಬ್ಬಿ ವಿದ್ಯಾಲಯದ ಮೊದಲ ತಂಡ ಪದವಿ ಪಡೆದ ಸಂಭ್ರಮದ ಔತಣ ಏರ್ಪಟ್ಟಿತ್ತು. ಮೊದಲು ಬಡಿಸಿದ್ದೇ ಮಳಿ, ಅಂದರೆ ಚಿಪ್ಪಿನ ಮೀನು. ಬಳಿಕ ಏಡಿ, ಸಿಗಡಿ, ಕಪ್ಪೆಯ ಕಾಲು. ಮಾಂಸದೂಟದ ನಂತರ ಹಾಲಿನ ಐಸ್‌ಕ್ರೀಂ. ರೆಕ್ಕೆ, ಪೊರೆ ಎರಡೂ ಇರುವ ಜಲಚರವನ್ನಷ್ಟೇ ತಿನ್ನಬೇಕು, ಮಾಂಸ ಮತ್ತು ಹಾಲನ್ನು ಬೆರೆಸಬಾರದು ಎಂಬ ವಿಧಿಗಳೆಲ್ಲ ಒಂದೇ ರಾತ್ರಿ ಮುರಿದಿದ್ದವು. ಹಂದಿ ಮಾಂಸವಿರಲಿಲ್ಲ, ಎಲ್ಲಿಗೆ ನಿಲ್ಲಬೇಕೆಂಬುದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಕೆಲವು ರಬ್ಬಿಗಳು ತಟ್ಟೆ ಮುಟ್ಟದೆ ಎದ್ದು ಹೋದರೆಂದು ಹೇಳಿಕೆಯಿದೆ. ಎರಡು ವರ್ಷಗಳ ನಂತರ ಪಿಟ್ಸ್‌ಬರ್ಗಿನಲ್ಲಿ ಸುಧಾರಣಾವಾದಿ ರಬ್ಬಿಗಳು ಹೊರಡಿಸಿದ ಘೋಷಣೆ, ಆಹಾರ ಮತ್ತು ಮಡಿಯ ನಿಯಮಗಳು ಇಂದಿನ ಮನಸ್ಸಿಗೆ ಪರಕೀಯವೆಂದೂ, ತಾವಿನ್ನು ಒಂದು ಜನಾಂಗವಲ್ಲ, ಧಾರ್ಮಿಕ ಸಮುದಾಯವೆಂದೂ ಸಾರಿತು. ಪ್ಯಾರಿಸಿನ ಷರತ್ತನ್ನು ಒಪ್ಪಿಕೊಂಡು ಸಹಿ ಹಾಕಿದಂತಿತ್ತು ಅದು. ಮುಂದೆ 1937ರ ಕೊಲಂಬಸ್ ಘೋಷಣೆಯಲ್ಲಿ ಅದೇ ಪಂಥ ಈ ನಿಲುವಿನಿಂದ ಹಿಂದೆ ಸರಿದು, ಪ್ಯಾಲೆಸ್ಟೈನಿನಲ್ಲಿ ಯಹೂದಿ ನೆಲೆಯನ್ನು ಕಟ್ಟಲು ನೆರವಾಗುವುದು ಎಲ್ಲ ಯಹೂದಿಗಳ ಹೊಣೆ ಎಂದಿತು.

ಪ್ರಶ್ನೆ: ನಾವು ಹದಿನೈದು ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ ಮಾಡಿ ಮಾರುತ್ತೇವೆ. ಯಂತ್ರದ ರೊಟ್ಟಿ ಬಂದ ಮೇಲೆ ನಮಗೆ ಪೈಪೋಟಿ. ಯಹೂದಿಗಳಲ್ಲೂ ರೊಟ್ಟಿಗೆ ಯಂತ್ರ ಬಳಸಬಹುದೇ ಎಂಬ ಜಗಳವಾಗಿತ್ತೆಂದು ಕೇಳಿದ್ದೇನೆ. ನಿಜವೇ?
(ಸ್ವಸಹಾಯ ಸಂಘದ ಸದಸ್ಯೆ, ಕಲಬುರಗಿ)

ಉತ್ತರ: ನಿಜ. ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು.

ಪಸ್ಕ ಹಬ್ಬದಲ್ಲಿ ಯಹೂದಿಗಳು ಹುಳಿಯಿಲ್ಲದ ರೊಟ್ಟಿ ತಿನ್ನುತ್ತಾರೆ. ಹೀಬ್ರೂವಿನಲ್ಲಿ ಅದು ಮಾತ್ಸಾ. ಗೋಧಿ ಹಿಟ್ಟಿಗೆ ನೀರು ಸೋಕಿದ ಕ್ಷಣದಿಂದ 18 ನಿಮಿಷಗಳೊಳಗೆ ಕಲಸಿ, ಲಟ್ಟಿಸಿ, ಉಬ್ಬದಂತೆ ಮೇಲೆಲ್ಲ ಚುಚ್ಚಿ ಒಲೆಗೆ ಹಾಕಿರಬೇಕು. ತಡವಾದರೆ ಹಿಟ್ಟು ಹುಳಿಯಿತೆಂದೇ ಲೆಕ್ಕ, ಅದು ಹಬ್ಬಕ್ಕೆ ವರ್ಜ್ಯ. ಕಲಸುವ ನೀರನ್ನು ಹಿಂದಿನ ಸಂಜೆಯೇ ತುಂಬಿಟ್ಟು ರಾತ್ರಿಯೆಲ್ಲ ತಣಿಸಿರಬೇಕು. ಹಬ್ಬಕ್ಕೆ ಮುನ್ನಿನ ವಾರಗಳಲ್ಲಿ ಪೂರ್ವ ಯೂರೋಪಿನ ಊರುಗಳ ಬಡ ಹೆಂಗಸರು, ವಿಧವೆಯರು ಸಾಲಾಗಿ ಕುಳಿತು ಲಟ್ಟಣಿಗೆ ಉರುಳಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು.

1838ರ ಸುಮಾರಿಗೆ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ ಹಿಟ್ಟನ್ನು ಲಟ್ಟಿಸುವ ಯಂತ್ರವೊಂದು ತಯಾರಾಯಿತು. ಅದು ಪೂರ್ವಕ್ಕೆ ಬಂದಾಗ, 1859ರಲ್ಲಿ ಬ್ರೋಡಿ ಊರಿನ ರಬ್ಬಿ ಶ್ಲೋಮೋ ಕ್ಲೂಗರ್ ಅದನ್ನು ಖಂಡಿಸಿ ಕರಪುಸ್ತಕ ಹೊರಡಿಸಿದರು. ಅವರ ಆಕ್ಷೇಪಗಳಲ್ಲಿ ಎರಡನ್ನು ನೀವು ಕೇಳಲೇಬೇಕು. ಮೊದಲನೆಯದು, ಯಂತ್ರ ತಂದರೆ ರೊಟ್ಟಿ ಲಟ್ಟಿಸಿ ಹಬ್ಬದ ಖರ್ಚು ಹೊಂದಿಸಿಕೊಳ್ಳುವ ಬಡವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಎರಡನೆಯದು, ಹಬ್ಬದ ರಾತ್ರಿಯ ರೊಟ್ಟಿಯನ್ನು 'ಇದು ವಿಧಿಗಾಗಿ' ಎಂಬ ಸಂಕಲ್ಪದಿಂದ ಮಾಡಬೇಕು. ಸಂಕಲ್ಪ ಮಾಡಲಾರದ ಮಗುವಿನ ಕೈಯ ರೊಟ್ಟಿಯನ್ನೇ ಶಾಸ್ತ್ರ ಒಪ್ಪದಿರುವಾಗ ಯಂತ್ರಕ್ಕೆ ಎಲ್ಲಿಯ ಸಂಕಲ್ಪ? ಅದೇ ವರ್ಷ ಲ್ವೋವ್ ನಗರದ ರಬ್ಬಿ ಜೋಸೆಫ್ ಸಾಲ್ ನಾಥನ್ಸನ್ ಇದಕ್ಕೆ ಪ್ರತಿಯಾಗಿ ಇನ್ನೊಂದು ಕರಪುಸ್ತಕ ಬರೆದು, ಯಂತ್ರ ಬೇಗ ಕೆಲಸ ಮುಗಿಸುವುದರಿಂದ ಹುಳಿಯುವ ಭಯ ಕಡಿಮೆ ಎಂದೂ, ಅದನ್ನು ನಡೆಸುವ ಮನುಷ್ಯನ ಸಂಕಲ್ಪವೇ ಸಾಕೆಂದೂ ವಾದಿಸಿದರು. ಇಬ್ಬರೂ ಸಂಪ್ರದಾಯಸ್ಥರೇ, ಇಬ್ಬರೂ ಉಲ್ಲೇಖಿಸಿದ್ದು ಒಂದೇ ಶಾಸ್ತ್ರಗ್ರಂಥಗಳನ್ನು ಎಂಬುದನ್ನು ಮರೆಯಬೇಡಿ.

ಮೊದಲ ಯಂತ್ರಗಳು ಹಾಳೆಯಂತೆ ಹರಡಿದ ಹಿಟ್ಟಿನಿಂದ ದುಂಡಗಿನ ರೊಟ್ಟಿ ಕತ್ತರಿಸುತ್ತಿದ್ದವು. ಉಳಿದ ಮೂಲೆಯ ಚೂರುಗಳನ್ನು ಮತ್ತೆ ಕಲಸುವಷ್ಟರಲ್ಲಿ ಹೊತ್ತು ಮೀರೀತು ಎಂಬ ಆಕ್ಷೇಪ ಬಂತು. ಪರಿಹಾರ ಸರಳವಾಗಿತ್ತು: ರೊಟ್ಟಿಯನ್ನೇ ಚೌಕಾಕಾರ ಮಾಡಿದರು, ಚೂರು ಉಳಿಯಲೇ ಇಲ್ಲ. ಇಂದು ಅಂಗಡಿಯಲ್ಲಿ ಸಿಗುವ ಮಾತ್ಸಾ ಚೌಕಾಕಾರದ್ದು. ಆದರೆ ಹಲವು ಹಸಿದೀ ಕುಟುಂಬಗಳು ಇಂದಿಗೂ ದುಬಾರಿ ಬೆಲೆ ತೆತ್ತು ಕೈಯಲ್ಲಿ ಲಟ್ಟಿಸಿದ, ಅಂಚು ಕಂದಿದ ದುಂಡು ರೊಟ್ಟಿಯನ್ನೇ ಕೊಳ್ಳುತ್ತವೆ. ಕೈರೊಟ್ಟಿಗೆ ಗಿರಾಕಿ ಉಳಿದಿದ್ದಾನೆ ಎಂಬುದು ನಿಮಗೆ ಸಮಾಧಾನದ ಸಂಗತಿಯಾದೀತು.

ವಿದ್ಯುತ್ತಿನದೂ ಇದೇ ಬಗೆಯ ಕಥೆ. ಸಬ್ಬತ್ತಿನಂದು ಮನೆಯಲ್ಲಿ ಬೆಂಕಿ ಹೊತ್ತಿಸಬಾರದೆಂದು ತೋರಾದ ವಿಮೋಚನಕಾಂಡ ಹೇಳುತ್ತದೆ. ಸ್ವಿಚ್ ಒತ್ತುವುದು ಬೆಂಕಿ ಹೊತ್ತಿಸಿದಂತೆಯೇ? ತಂತಿ ಕಾದು ಬೆಳಗುವ ಬಲ್ಬಿನ ವಿಷಯದಲ್ಲಿ ಹೌದೆನ್ನುವುದು ಸುಲಭವಾಗಿತ್ತು. ಇಪ್ಪತ್ತನೆಯ ಶತಮಾನದ ವಿದ್ವಾಂಸ ಅವ್ರಹಾಂ ಕರೆಲಿಟ್ಸ್ ಇನ್ನೊಂದು ದಾರಿಯಿಂದ ಹೋಗಿ, ತುಂಡಾದ ವಿದ್ಯುತ್ ಮಾರ್ಗವನ್ನು ಕೂಡಿಸುವುದು 'ಕಟ್ಟುವ' ಕೆಲಸ, ಕಟ್ಟುವುದು ಸಬ್ಬತ್ತಿಗೆ ವರ್ಜ್ಯವಾದ 39 ಬಗೆಯ ಕೆಲಸಗಳಲ್ಲೊಂದು ಎಂದು ತೀರ್ಮಾನಿಸಿದರು. ಅದರ ಜೊತೆಗೇ ಯಾರೂ ಗುಂಡಿ ಒತ್ತದೆ ಪ್ರತಿ ಮಹಡಿಯಲ್ಲೂ ತಾನಾಗಿ ನಿಲ್ಲುವ ಸಬ್ಬತ್ ಲಿಫ್ಟು, ಶುಕ್ರವಾರವೇ ಹೊತ್ತು ಗೊತ್ತುಮಾಡಿಟ್ಟ ಟೈಮರು ಬಂದವು. ಇದನ್ನು ಆಷಾಢಭೂತಿತನವೆಂದು ನಗುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಕಾನೂನನ್ನು ಕಾನೂನೆಂದು ಒಪ್ಪಿಕೊಂಡವನು ಅದರ ಅಕ್ಷರದೊಳಗೆ ಜಾಗ ಹುಡುಕುತ್ತಾನೆ; ಒಪ್ಪದವನಿಗೆ ಹುಡುಕುವ ಗರಜೇ ಇಲ್ಲ. ಅಮೆರಿಕದ ಕನ್ಸರ್ವೇಟಿವ್ ರಬ್ಬಿಗಳು 1950ರಲ್ಲಿ, ಮನೆ ದೂರವಿದ್ದವರು ಸಬ್ಬತ್ತಿನಂದು ಸಿನಗಾಗಿಗೆ ಮಾತ್ರ ಕಾರಿನಲ್ಲಿ ಬರಬಹುದೆಂದು ಅನುಮತಿಸಿದರು. ಇದರಿಂದ ಸಿನಗಾಗಿನ ಸುತ್ತ ನಡಿಗೆಯ ದೂರದಲ್ಲಿ ವಾಸಿಸುವ ಸಮುದಾಯ ಚೆದುರಿಹೋಯಿತೆಂದು ಆ ಪಂಥದೊಳಗೇ ಹಲವರು ನಂತರ ಹಳಹಳಿಸಿದ್ದುಂಟು.

ಪ್ರಶ್ನೆ: ಈ ಬದಲಾವಣೆಗಳಲ್ಲಿ ಹೆಣ್ಣುಮಕ್ಕಳಿಗೆ ಸಿಕ್ಕಿದ್ದೇನು?
(ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಉದಾರ ಪಂಥಗಳಲ್ಲಿ ಬದಲಾವಣೆ ಬಂತು, ಕಟ್ಟಾ ಪಂಥಗಳಲ್ಲಿ ಬರಲಿಲ್ಲ ಎಂದು ನೀವು ಊಹಿಸಿರಬಹುದು. ನನಗೆ ಅತ್ಯಂತ ದೊಡ್ಡ ಬದಲಾವಣೆಯಾಗಿ ಕಾಣುವುದು ಕಟ್ಟಾ ಪಂಥದಲ್ಲೇ ಆದದ್ದು. ಪೋಲೆಂಡಿನ ಕ್ರಾಕೋವಿನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಸಾರಾ ಶೆನಿರೆರ್ ಎಂಬ ಮಹಿಳೆ 1917ರಲ್ಲಿ ಹೆಣ್ಣುಮಕ್ಕಳಿಗಾಗಿ ಧಾರ್ಮಿಕ ಶಾಲೆಯೊಂದನ್ನು ಆರಂಭಿಸಿದರು. ಹುಡುಗರು ತಾಲ್ಮುದ್ ಎಂಬ ಧರ್ಮಶಾಸ್ತ್ರ ಚರ್ಚೆಯ ಮಹಾಗ್ರಂಥವನ್ನು ಓದಲು ಹೋಗುತ್ತಿದ್ದರು. ಹುಡುಗಿಯರು ಸರ್ಕಾರಿ ಶಾಲೆಗೆ ಹೋಗಿ ಪೋಲಿಷ್ ಕಾದಂಬರಿ ಓದಿ ಮನೆಯ ಧರ್ಮದಿಂದ ದೂರವಾಗುತ್ತಿದ್ದರು. ಹೆಣ್ಣುಮಕ್ಕಳಿಗೆ ತೋರಾ ಕಲಿಸುವುದು ಸಲ್ಲದೆಂಬ ಹಳೆಯ ಅಭಿಪ್ರಾಯವಿದ್ದರೂ, ಕಾಲ ಬದಲಾಗಿದೆ, ಈಗ ಕಲಿಸದಿದ್ದರೆ ಕಳೆದುಕೊಳ್ಳುತ್ತೇವೆ ಎಂದು ಆ ಕಾಲದ ಮಹಾಪಂಡಿತರು ಒಪ್ಪಿಗೆಯಿತ್ತರು. 'ಬೈಸ್ ಯಾಕೋವ್' ಎಂಬ ಆ ಶಾಲೆಗಳ ಜಾಲ ಇಂದು ಕಟ್ಟಾ ಸಂಪ್ರದಾಯಸ್ಥರಿರುವಲ್ಲೆಲ್ಲ ಇದೆ. ಹೊಸತನ್ನು ನಿಷೇಧಿಸಿದವರು ಹಳತನ್ನು ಉಳಿಸಲೆಂದು ಸ್ಥಾಪಿಸಿದ ಹೊಚ್ಚ ಹೊಸ ಸಂಸ್ಥೆ ಇದು.

ಉದಾರ ಪಂಥಗಳ ಹಾದಿ ಬೇರೆ. 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ರಬ್ಬಿ ಮೊರ್ಡೆಕಾಯ್ ಕಪ್ಲಾನ್ ತಮ್ಮ ಮಗಳು ಜೂಡಿತ್‌ಳನ್ನು ಸಭೆಯ ಮುಂದೆ ನಿಲ್ಲಿಸಿ ತೋರಾದ ಭಾಗವೊಂದನ್ನು ಓದಿಸಿದರು. ಅಮೆರಿಕದಲ್ಲಿ ಅಲ್ಲಿಯವರೆಗೆ 13 ತುಂಬಿದ ಗಂಡುಮಕ್ಕಳಿಗಷ್ಟೇ ಇದ್ದ ಸಂಸ್ಕಾರ ಅದು. ಜರ್ಮನಿಯಲ್ಲಿ ರೆಗಿನಾ ಯೋನಾಸ್, ಮಹಿಳೆ ರಬ್ಬಿಯಾಗಬಹುದೇ ಎಂಬ ವಿಷಯದ ಮೇಲೆಯೇ ಶಾಸ್ತ್ರಾಧಾರಗಳಿಂದ ಪ್ರಬಂಧ ಬರೆದು, 1935ರಲ್ಲಿ ದೀಕ್ಷೆ ಪಡೆದರು. ನಾಜಿಗಳು 1944ರಲ್ಲಿ ಅವರನ್ನು ಆಶ್ವಿಟ್ಜ್‌ನಲ್ಲಿ ಕೊಂದರು. 1972ರಲ್ಲಿ ಅಮೆರಿಕದಲ್ಲಿ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿಯಾದಾಗ ಜಗತ್ತು ಅವರನ್ನು ಇತಿಹಾಸದ ಮೊದಲ ಮಹಿಳಾ ರಬ್ಬಿಯೆಂದು ಕೊಂಡಾಡಿತು. ಯೋನಾಸರ ಕಾಗದಪತ್ರಗಳು ಹೊರಬಂದದ್ದು ಬರ್ಲಿನ್ ಗೋಡೆ ಬಿದ್ದ ಮೇಲೆ. ಕನ್ಸರ್ವೇಟಿವ್ ಪಂಥ 1985ರಲ್ಲಿ ಏಮಿ ಐಲ್ಬರ್ಗರಿಗೆ ದೀಕ್ಷೆ ನೀಡಿತು.

ಬಗೆಹರಿಯದೆ ಉಳಿದಿರುವುದು ವಿಚ್ಛೇದನ. ಹಲಾಖಾದ ಪ್ರಕಾರ ಗಂಡ ತನ್ನ ಇಚ್ಛೆಯಿಂದ ತ್ಯಾಗಪತ್ರ ಕೊಡಬೇಕು. ಕೊಡದೆ ಸತಾಯಿಸಿದರೆ ಹೆಂಡತಿ 'ಅಗುನಾ', ಅಂದರೆ ಕಟ್ಟಿಹಾಕಲ್ಪಟ್ಟವಳು, ಮರುಮದುವೆಯಾಗುವಂತಿಲ್ಲ. ಕೆಹಿಲ್ಲಾ ಇದ್ದ ಕಾಲದಲ್ಲಿ ಅಂಥ ಗಂಡನನ್ನು ಊರೇ ಬಹಿಷ್ಕರಿಸಿ ದಾರಿಗೆ ತರಬಹುದಿತ್ತು. ಇಂದು ಆತ ಬೇರೆ ಊರಿಗೆ ಹೋಗಿ ಹಾಯಾಗಿರಬಹುದು. ಪೌರಸ್ವಾತಂತ್ರ್ಯ ಗಂಡನಿಗೆ ತೆರೆದ ಬಾಗಿಲು, ಶಾಸ್ತ್ರವನ್ನು ನಂಬಿದ ಹೆಂಡತಿಗೆ ತೆರೆಯಲಿಲ್ಲ.

ಪ್ರಶ್ನೆ: ಇಸ್ರೇಲ್ ಸ್ಥಾಪನೆಯಾದದ್ದು ಧರ್ಮದ ಆಧಾರದ ಮೇಲಲ್ಲವೇ?
(ಓದುಗರೊಬ್ಬರು, ವಿಜಯಪುರ)

ಉತ್ತರ: ಸ್ಥಾಪಕರಲ್ಲಿ ಹೆಚ್ಚಿನವರು ಆಚಾರವಂತರಲ್ಲ. ಯಹೂದಿಗಳಿಗೆ ಸ್ವಂತ ದೇಶ ಬೇಕೆಂಬ ಜಿಯೋನಿಸ್ಟ್ ಚಳವಳಿಯ ಮುಖಂಡ ಥಿಯೋಡರ್ ಹರ್ಜಲ್ 1897ರ ಅದರ ಮೊದಲ ಸಮ್ಮೇಳನವನ್ನು ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆಸಬೇಕೆಂದಿದ್ದರು. ಸುಧಾರಣಾವಾದಿ ಮತ್ತು ಸಂಪ್ರದಾಯಸ್ಥ ರಬ್ಬಿಗಳು ಅಪರೂಪಕ್ಕೆ ಒಟ್ಟಾಗಿ ವಿರೋಧಿಸಿದ್ದರಿಂದ ಅದು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಯಿತು. ಒಬ್ಬರಿಗೆ ತಾವು ಜರ್ಮನ್ನರೆಂಬ ಹೆಮ್ಮೆಗೆ ಕುಂದು, ಇನ್ನೊಬ್ಬರಿಗೆ ಮೆಸ್ಸೀಯನ, ಅಂದರೆ ದೇವರು ಕಳಿಸಲಿರುವ ವಿಮೋಚಕನ ಕೆಲಸದಲ್ಲಿ ಮನುಷ್ಯರು ಕೈಹಾಕಿದ ಅಪಚಾರ. ಮುಂದೆ ಚಿತ್ರ ಬದಲಾದದ್ದು ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದ ಮೇಲೆ. ಪೂರ್ವ ಯೂರೋಪಿನ ತಾಲ್ಮುದ್ ವಿದ್ಯಾಕೇಂದ್ರಗಳು ಹೇಳಹೆಸರಿಲ್ಲದಂತಾದವು. ಪೌರತ್ವ ರಕ್ಷಿಸುತ್ತದೆಂಬ ನಂಬಿಕೆ ಅದು ಹುಟ್ಟಿದ ಖಂಡದಲ್ಲೇ ಸತ್ತಿತು.

1947ರಲ್ಲಿ, ಮುಂದೆ ಇಸ್ರೇಲಿನ ಮೊದಲ ಪ್ರಧಾನಿಯಾದ ಬೆನ್-ಗುರಿಯನ್ ಕಟ್ಟಾ ಸಂಪ್ರದಾಯಸ್ಥರ ಪಕ್ಷಕ್ಕೆ ಬರೆಸಿದ ಪತ್ರವೊಂದು ಮುಂದಿನ ದೇಶದ ಸ್ವರೂಪವನ್ನು ನಿರ್ಧರಿಸಿತು: ಸಬ್ಬತ್ ರಜೆಯ ದಿನ, ಸರ್ಕಾರಿ ಅಡುಗೆಮನೆಗಳಲ್ಲಿ ಧರ್ಮಸಮ್ಮತ ಆಹಾರ, ಕೌಟುಂಬಿಕ ಕಾನೂನಿನಲ್ಲಿ ಒಡಕಾಗದಂತೆ ಎಚ್ಚರ, ಧಾರ್ಮಿಕ ಶಿಕ್ಷಣಕ್ಕೆ ಸ್ವಾಯತ್ತತೆ. 1953ರ ಕಾಯ್ದೆ ಯಹೂದಿಗಳ ಮದುವೆ ವಿಚ್ಛೇದನಗಳನ್ನು ರಬ್ಬಿಗಳ ನ್ಯಾಯಾಲಯಕ್ಕೇ ಒಪ್ಪಿಸಿತು. ನೆಪೋಲಿಯನ್ ರಬ್ಬಿಗಳಿಂದ ಕಿತ್ತುಕೊಂಡದ್ದನ್ನು ಯಹೂದಿ ರಾಷ್ಟ್ರವೇ ಅವರಿಗೆ ಮರಳಿಸಿತು ಎಂದರೆ ತಪ್ಪಾಗದು. ಆ ರಬ್ಬಿಗಳನ್ನು ಒಲ್ಲದ ಜೋಡಿಗಳು ಇಂದು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬಂದು ನೋಂದಾಯಿಸುತ್ತಾರೆ. ಆರಂಭದಲ್ಲಿ ಸುಮಾರು 400 ತಾಲ್ಮುದ್ ವಿದ್ಯಾರ್ಥಿಗಳಿಗೆ ಕೊಟ್ಟ ಸೈನ್ಯಸೇವೆಯ ವಿನಾಯಿತಿ ದಶಕಗಳಲ್ಲಿ ಹತ್ತಾರು ಸಾವಿರಕ್ಕೆ ಬೆಳೆದು, 2024ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಕಾನೂನಿನ ಆಧಾರವಿಲ್ಲವೆಂದು ತೀರ್ಪಿತ್ತಿತು.

ಪ್ರಶ್ನೆ: ದೇವರನ್ನೇ ನಂಬದವನು ಯಹೂದಿಯಾಗಿರಬಹುದೇ?
(ಓದುಗರೊಬ್ಬರು, ತುಮಕೂರು)

ಉತ್ತರ: ಹಲಾಖಾದ ಪ್ರಕಾರ ಯಹೂದಿ ತಾಯಿಗೆ ಹುಟ್ಟಿದವನು ನಂಬಿದರೂ ನಂಬದಿದ್ದರೂ ಯಹೂದಿಯೇ. ಅಮೆರಿಕದ ಸುಧಾರಣಾವಾದಿಗಳು 1983ರಲ್ಲಿ, ಯಹೂದಿಯಾಗಿ ಬೆಳೆಸಿದ್ದರೆ ತಂದೆಯ ಕಡೆಯಿಂದಲೂ ಸಾಕೆಂದರು. ಸಂಪ್ರದಾಯಸ್ಥರು ಇದನ್ನು ಒಪ್ಪಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕ ಯಹೂದಿಗಳ ಪೈಕಿ 37 ಪ್ರತಿಶತ ಸುಧಾರಣಾ ಪಂಥಕ್ಕೂ, 17 ಪ್ರತಿಶತ ಕನ್ಸರ್ವೇಟಿವ್ ಪಂಥಕ್ಕೂ, 9 ಪ್ರತಿಶತ ಆರ್ಥೊಡಾಕ್ಸ್ ಪಂಥಕ್ಕೂ ಸೇರಿದವರೆಂದು ಹೇಳಿಕೊಂಡರೆ, 32 ಪ್ರತಿಶತ ಮಂದಿ ಯಾವ ಪಂಥಕ್ಕೂ ಸೇರಿಲ್ಲವೆಂದರು.

ಪ್ರಶ್ನೆ: ಟಿಪ್ಪುವಿನ ಸೆರೆಯಲ್ಲಿದ್ದ ಯಹೂದಿಯೊಬ್ಬ ಮುಂಬೈಯಲ್ಲಿ ಸಿನಗಾಗ್ ಕಟ್ಟಿಸಿದನಂತೆ. ಭಾರತದ ಯಹೂದಿಗಳಿಗೂ ಈ ಆಧುನಿಕ ಬದಲಾವಣೆಗಳು ತಟ್ಟಿದವೇ?
(ಓದುಗರೊಬ್ಬರು, ಶ್ರೀರಂಗಪಟ್ಟಣ)

ಉತ್ತರ: ನೀವು ಹೇಳುತ್ತಿರುವುದು ಸ್ಯಾಮ್ಯುಯೆಲ್ ದಿವೇಕರ್ ಅವರ ವಿಷಯ. ಕೊಂಕಣದ ಬೆನೆ ಇಸ್ರೇಲ್ ಸಮುದಾಯದ ಅವರು ಕಂಪನಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಮೈಸೂರು ಯುದ್ಧದಲ್ಲಿ ಸೆರೆಸಿಕ್ಕರು. 'ನೀನು ಯಾರು' ಎಂದಾಗ 'ಬೆನೆ ಇಸ್ರೇಲ್' ಎಂದರೆಂದೂ, ಆ ಹೆಸರು ಕುರಾನಿನಲ್ಲಿ ಬರುತ್ತದೆಂದು ಟಿಪ್ಪುವಿನ ತಾಯಿ ಅವರ ಜೀವ ಉಳಿಸಿದರೆಂದೂ ಸಮುದಾಯದ ಐತಿಹ್ಯ. ಬಿಡುಗಡೆಯಾದ ಮೇಲೆ ಹರಕೆ ತೀರಿಸಲು ಅವರು ಕಟ್ಟಿಸಿದ ಸಿನಗಾಗ್ 1796ರದ್ದು, ಮುಂಬೈಯ ಮೊದಲನೆಯದು.

ಅದಕ್ಕೂ ಮುನ್ನ ಇವರಿಗೆ ಸಿನಗಾಗೂ ಇರಲಿಲ್ಲ, ರಬ್ಬಿಯೂ ಇರಲಿಲ್ಲ. ಎಣ್ಣೆಯ ಗಾಣ ನಡೆಸುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದ ಇವರನ್ನು ನೆರೆಹೊರೆಯವರು ಶನಿವಾರ್ ತೇಲಿ, ಅಂದರೆ ಶನಿವಾರದ ಗಾಣಿಗರು ಎನ್ನುತ್ತಿದ್ದರು. ಕೊಚ್ಚಿಯ ಯಹೂದಿ ಗುರುಗಳಿಂದಲೂ, ವಿಚಿತ್ರವೆಂದರೆ, ಇವರನ್ನು ಕ್ರೈಸ್ತರನ್ನಾಗಿಸಲು ಬಂದ ಮಿಷನರಿಗಳು ತಂದ ಮರಾಠಿ ಬೈಬಲಿನಿಂದಲೂ ಇವರು ತಮ್ಮ ಧರ್ಮಗ್ರಂಥವನ್ನು ಹೊಸದಾಗಿ ಓದಿಕೊಂಡರು. ಯೂರೋಪಿನ ಯಹೂದಿಗೆ ಆಧುನಿಕತೆ ಹಳೆಯ ವಿಧಿಗಳಿಂದ ಹೊರಬರುವ ದಾರಿಯಾಗಿತ್ತು. ಇವರಿಗೆ ಅದು ವಿಧಿಗಳೊಳಗೆ ಬರುವ ದಾರಿಯಾಯಿತು. ಉದಾರ ಪಂಥವೂ ತಡವಾಗಿ ಬಂತು: ಲಂಡನ್ನಿನಲ್ಲಿ ವೈದ್ಯಶಿಕ್ಷಣ ಪಡೆದು ಬಂದ ಡಾ. ಜೆರುಶಾ ಝಿರಾಡ್ ಮೊದಲಾದವರು 1925ರಲ್ಲಿ ಮುಂಬೈಯಲ್ಲಿ ಯಹೂದಿ ಧಾರ್ಮಿಕ ಒಕ್ಕೂಟವನ್ನು ಕಟ್ಟಿದರು.

ಇಸ್ರೇಲಿಗೆ ವಲಸೆ ಹೋದ ಮೇಲೆ ಇವರಿಗೆ ಕಹಿ ಕಾದಿತ್ತು. ಶತಮಾನಗಳ ಕಾಲ ರಬ್ಬಿಗಳಿಲ್ಲದೆ ಬಾಳಿದವರಲ್ಲಿ ಶಾಸ್ತ್ರೋಕ್ತ ತ್ಯಾಗಪತ್ರವಿಲ್ಲದೆ ಮರುಮದುವೆಗಳು ನಡೆದಿರಬಹುದೆಂದು ಶಂಕಿಸಿ, ಮುಖ್ಯ ರಬ್ಬಿಗಳ ಕಚೇರಿ 1962ರಲ್ಲಿ ಇವರ ಮದುವೆಗೆ ಮುನ್ನ ಹಲವು ತಲೆಮಾರುಗಳ ಪೂರ್ವಜರನ್ನು ವಿಚಾರಿಸಬೇಕೆಂದು ಸೂಚಿಸಿತು. ಶನಿವಾರ ಗಾಣ ನಿಲ್ಲಿಸಿದ್ದಕ್ಕೆ ಕೊಂಕಣದಲ್ಲಿ ಯಹೂದಿಗಳೆನಿಸಿಕೊಂಡವರು ಜೆರುಸಲೇಮಿನ ಬೀದಿಯಲ್ಲಿ ಧರಣಿ ಕುಳಿತು ತಾವು ಯಹೂದಿಗಳೆಂದು ಹೇಳಬೇಕಾಯಿತು. 1964ರ ಆಗಸ್ಟಿನಲ್ಲಿ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಸಾರಿದ ಮೇಲೆ, ಆ ಸೂಚನೆಯಿಂದ ಸಮುದಾಯದ ಹೆಸರನ್ನು ತೆಗೆಯಲಾಯಿತು.

ಯಾವ ತಾಲ್ಮುದ್ದಿನಲ್ಲೂ ಇಲ್ಲದ ಒಂದು ಆಚರಣೆ ಮಾತ್ರ ಇವರೊಂದಿಗೆ ಸಮುದ್ರ ದಾಟಿತು. ಮದುವೆಗೆ ಮುನ್ನ, ಹರಕೆ ತೀರಿದಾಗ, ಹೊಸ ಮನೆ ಹೊಕ್ಕಾಗ ಪ್ರವಾದಿ ಎಲೀಯನ ಹೆಸರಿನಲ್ಲಿ ತಟ್ಟೆಯ ತುಂಬ ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ, ಸುತ್ತ ಹಣ್ಣುಗಳನ್ನಿಟ್ಟು ಹೀಬ್ರೂ ಮಂತ್ರ ಹೇಳುತ್ತಾರೆ. ಅದಕ್ಕೆ ಅವರ ಹೆಸರು ಮಾಲಿದಾ. ಉರುಸಿನ ಮಾಲಿದಿಯನ್ನು ಉತ್ತರ ಕರ್ನಾಟಕದವರು ಬಲ್ಲರು. ಹೆಸರು ಒಂದೇ ಬೇರಿನದು, ಪದಾರ್ಥ ಬೇರೆ. ಇಸ್ರೇಲಿನ ಬೆನೆ ಇಸ್ರೇಲ್ ಮನೆಗಳಲ್ಲಿ ಇಂದಿಗೂ ಶುಭಕಾರ್ಯಕ್ಕೆ ಮುನ್ನ ಅವಲಕ್ಕಿ ನೆನೆಹಾಕುತ್ತಾರೆ.